ಬಾಗಿಲಲ್ಲಿ ಹರಿದ ಚೀಟಿ

ಬೆಂಗಳೂರಿನ ನಡುವಣ ಮೆಜೆಸ್ಟಿಕ್ ಪ್ರದೇಶಕ್ಕೆ ಆ ಹೆಸರು ಬಂದುದು ಒಂದು ಚಿತ್ರಮಂದಿರದಿಂದ. ಇಂದು ಆ ಮಂದಿರವಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ತಲೆಯೆತ್ತಿದ ಬಸ್ ನಿಲ್ದಾಣಕ್ಕೂ ಅದರ ಸುತ್ತಣ ಬೀದಿಗಳಿಗೂ ತನ್ನ ಹೆಸರನ್ನು ಬಿಟ್ಟು ಅದು ಮರೆಯಾಗಿದೆ. ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳು ಸಾಲಾಗಿ ನಿಂತಿದ್ದ ಕಾಲದಲ್ಲಿ ಪ್ರತಿಯೊಂದರ ಬಾಗಿಲಲ್ಲಿಯೂ ಒಂದು ಸಣ್ಣ ಕೆಲಸ ದಿನವೂ ನಡೆಯುತ್ತಿತ್ತು. ಪ್ರೇಕ್ಷಕನು ಚೀಟಿಯನ್ನು ನೀಡುತ್ತಿದ್ದನು. ಬಾಗಿಲ ಕಾವಲುಗಾರನು ಅದನ್ನು ಎರಡಾಗಿ ಹರಿದು, ಒಂದು ಭಾಗವನ್ನು ತನ್ನಲ್ಲಿಯೇ ಇರಿಸಿಕೊಂಡು ಇನ್ನೊಂದನ್ನು ಹಿಂದಿರುಗಿಸುತ್ತಿದ್ದನು. ಒಳಗೆ ಕತ್ತಲಲ್ಲಿ ಆಸನವನ್ನು ತೋರಿಸುವವನಿಗೆ ಬೇಕಾದುದು ಆ ತುಂಡೇ. ಇಡಿಯ ಚೀಟಿ ಬಾಗಿಲವರೆಗೆ ಬರುವ ಅನುಮತಿ. ಹರಿದ ಚೀಟಿ ಒಳಗೆ ಕುಳಿತುಕೊಳ್ಳುವ ಹಕ್ಕು. ಒಮ್ಮೆ ಹರಿದ ಚೀಟಿಯನ್ನು ಅಂಟಿಸಿ ಮಾರುಕಿಂಡಿಗೆ ಹಿಂದಿರುಗಿಸಲು ಸಾಧ್ಯವಿರಲಿಲ್ಲ.

ಇದನ್ನೇ ಹೋಲುವ ಕಾರ್ಯವೊಂದು ಪ್ರಾಣಿಗಳ ದೇಹದಲ್ಲಿ, ಜೀವಕೋಶದ ಬಾಗಿಲಲ್ಲಿ ನಡೆಯುತ್ತದೆ. ಅಲ್ಲಿ ಹರಿಯುವುದು ಕಾಗದದ ಚೀಟಿಯಲ್ಲ, ಪ್ರೋಟೀನು. ಹರಿಯುವವನು ಕೋಶದ ಪೊರೆಯಲ್ಲಿಯೇ ನೆಲೆಸಿರುವ ಒಂದು ಕಿಣ್ವ. ಆ ಒಂದು ಕತ್ತರಿಕೆಯ ಫಲವಾಗಿ ಒಂದು ಕೋಶ ನರವಾಗಬೇಕೋ ಚರ್ಮವಾಗಬೇಕೋ, ಬೆಳೆಯಬೇಕೋ ಸುಮ್ಮನಿರಬೇಕೋ ಎಂಬುದು ನಿರ್ಧಾರವಾಗುತ್ತದೆ.

ಕತ್ತರಿಸುವುದೆಂದರೆ ಕೆಡಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಲೋಕದಲ್ಲಿ ಎಲ್ಲ ಕತ್ತರಿಕೆಯೂ ನಾಶವಲ್ಲ. ದರ್ಜಿಯು ಬಟ್ಟೆಯನ್ನು ಕತ್ತರಿಸದೆ ಅಂಗಿಯಾಗದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಮೇಲೆಯೇ ಶಿಶುವಿನ ಸ್ವತಂತ್ರ ಬದುಕು ಮೊದಲಾಗುತ್ತದೆ. ಜೀವಕೋಶದ ಕತ್ತರಿಗಳಲ್ಲಿಯೂ ಈ ಎರಡು ಬಗೆಗಳಿವೆ.

ಪ್ರೋಟೀನೆಂಬುದು 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದು ಉದ್ದನೆಯ ಸರ. ಈ ಸರವನ್ನು ಕತ್ತರಿಸುವ ಕಿಣ್ವಗಳಿಗೆ ಪ್ರೋಟಿಯೇಸ್‌ಗಳೆಂದು ಹೆಸರು. ಇವುಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದುದು ಪೆಪ್ಸಿನ್. ಜರ್ಮನಿಯ ಥಿಯೋಡೋರ್ ಶ್ವಾನ್ 1836ರಲ್ಲಿ ಜಠರರಸದಲ್ಲಿ ಇದನ್ನು ಗುರುತಿಸಿದನು. ನಾವು ಉಂಡ ಬೇಳೆಯ ಪ್ರೋಟೀನನ್ನು ಇಂತಹ ಕಿಣ್ವಗಳು ನುಚ್ಚುನೂರು ಮಾಡುತ್ತವೆ. ಹಾಗೆ ಮಾಡಿದರೆ ಮಾತ್ರ ಅದು ರಕ್ತಗತವಾದೀತು. ಇದು ಒಡೆಯುವ ಕೆಲಸ. ಆದರೆ ಮಾನವನ ವಂಶವಾಹಿಗಳಲ್ಲಿ ಐನೂರಕ್ಕೂ ಹೆಚ್ಚು ಪ್ರೋಟಿಯೇಸ್‌ಗಳ ವಿವರ ಬರೆದಿದೆ. ಇವೆಲ್ಲವೂ ಜೀರ್ಣಕ್ರಿಯೆಗಾಗಿ ಇಲ್ಲ. ಹಲವು ಕಿಣ್ವಗಳು ಒಂದು ಗೊತ್ತಾದ ಪ್ರೋಟೀನನ್ನು, ಒಂದು ಗೊತ್ತಾದ ಎಡೆಯಲ್ಲಿ, ಒಂದೇ ಒಂದು ಬಾರಿ ಕತ್ತರಿಸಿ ಸುಮ್ಮನಾಗುತ್ತವೆ. ಇವುಗಳ ಕೆಲಸ ಒಡೆಯುವುದಲ್ಲ, ಬಿಡುಗಡೆ ಮಾಡುವುದು. ಇವುಗಳಲ್ಲಿ ಕೆಲವು ಕೋಶದ ಪೊರೆಗೆ ಅಂಟಿಕೊಂಡು ನಿಂತಿವೆ. ಮತ್ತೆ ಕೆಲವು ಪೊರೆಯ ಒಳಗೇ ಹುದುಗಿವೆ.

ಪೊರೆಯ ಸ್ವರೂಪವನ್ನು ತಿಳಿದರೆ ಈ ಕಿಣ್ವಗಳ ವೈಶಿಷ್ಟ್ಯ ಮನದಟ್ಟಾಗುತ್ತದೆ. ಜೀವಕೋಶವನ್ನು ಆವರಿಸಿರುವ ಪೊರೆಯು ಎರಡು ಪದರಗಳ ಜಿಡ್ಡಿನ ಹಾಳೆ. ಅದರ ದಪ್ಪ ಸುಮಾರು 5ರಿಂದ 10 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೋಮೀಟರ್. ಪೊರೆಯ ಹೊರಗೂ ನೀರು, ಒಳಗೂ ನೀರು. ನಡುವೆ ಮಾತ್ರ ನೀರೊಲ್ಲದ ಜಿಡ್ಡು. ಹೀಗಿರುವಾಗ ಹೊರಗಿನ ಸುದ್ದಿ ಒಳಗೆ ತಲಪುವುದು ಹೇಗೆ? ಇದಕ್ಕಾಗಿ ಪೊರೆಯನ್ನು ಅಡ್ಡಹಾಯ್ದು ನಿಂತ ಪ್ರೋಟೀನುಗಳಿವೆ. ಇವುಗಳ ತಲೆ ಹೊರಗೆ, ಸೊಂಟ ಪೊರೆಯಲ್ಲಿ, ಕಾಲು ಒಳಗೆ. ಹೊರಗಿನ ತಲೆಗೆ ಸುದ್ದಿ ಮುಟ್ಟಿದಾಗ ಒಳಗಿನ ಕಾಲು ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ನಡೆದುಹೋಗುವಂತಾದರೆ ಸುದ್ದಿ ತಲಪಿದಂತೆಯೇ. ಆ ಬಿಡುಗಡೆಗಾಗಿ ಯಾರಾದರೂ ಸೊಂಟದ ಬಳಿ ಕತ್ತರಿಸಬೇಕು.

ಇಲ್ಲಿಯೇ ವಿಜ್ಞಾನಿಗಳಿಗೆ ಒಂದು ತೊಡಕು ಎದುರಾಯಿತು. ಪ್ರೋಟೀನಿನ ಕೊಂಡಿಯನ್ನು ಮುರಿಯಲು ನೀರಿನ ಅಣು ಬೇಕೇ ಬೇಕು. ಜಿಡ್ಡಿನ ನಡುವೆ ನೀರೆಲ್ಲಿಯದು? ಆದುದರಿಂದ ಪೊರೆಯ ಒಳಗೆ ಕತ್ತರಿಕೆ ನಡೆಯುತ್ತದೆ ಎಂಬ ಮಾತನ್ನು ಬಹುಕಾಲ ಅನೇಕರು ಒಪ್ಪಲಿಲ್ಲ. 1997ರಲ್ಲಿ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ಪ್ರಯೋಗಾಲಯವು, ಕೋಶದ ಕೊಲೆಸ್ಟರಾಲ್ ಪ್ರಮಾಣವನ್ನು ಹತೋಟಿಯಲ್ಲಿಡುವ ಅಂತಹ ಒಂದು ಕಿಣ್ವದ ವಂಶವಾಹಿಯನ್ನು ಕಂಡುಹಿಡಿಯಿತು. 2001ರಲ್ಲಿ ಹಣ್ಣಿನ ನೊಣದ ರಾಂಬಾಯ್ಡ್ ಎಂಬ ಪ್ರೋಟೀನು ಕೂಡ ಇಂತಹದೇ ಕಿಣ್ವವೆಂದು ತಿಳಿದುಬಂದಿತು. ಅದೇ ಕುಲಕ್ಕೆ ಸೇರಿದ, ಬ್ಯಾಕ್ಟೀರಿಯದ ಒಂದು ಕಿಣ್ವದ ರಚನೆ 2006ರಲ್ಲಿ ಬೆಳಕಿಗೆ ಬಂದಾಗ ತೊಡಕು ಬಿಡಿಸಿತು. ಕಿಣ್ವವು ಪೊರೆಯೊಳಗೆ ಒಂದು ಪುಟ್ಟ ಬಾವಿಯಂತಹ ಗುಳಿಯನ್ನು ರಚಿಸಿಕೊಂಡು, ಅದರ ಮೂಲಕ ನೀರನ್ನು ತನ್ನ ಕತ್ತರಿಯ ಅಲಗಿನ ಬಳಿಗೆ ಬರಮಾಡಿಕೊಳ್ಳುತ್ತದೆ. ಜಿಡ್ಡಿನ ನಡುವೆಯೂ ನೀರಿಗೆ ದಾರಿಯಿದ್ದಿತು.

ಈ ಪೊರೆಯ ಕತ್ತರಿಗಳ ಕೆಲಸವನ್ನು ತಿಳಿಯಲು ಅತ್ಯಂತ ಹೆಚ್ಚು ನೆರವಾದ ಪ್ರಾಣಿ ಬಾಳೆಹಣ್ಣಿನ ಗಾಡಿಯ ಮೇಲೆ ಹಾರಾಡುವ ಹಣ್ಣಿನ ನೊಣ. ಅದರ ಬಾಳು ಕೆಲವು ವಾರಗಳದು, ಸಾಕುವುದು ಸುಲಭ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಈ ನೊಣಗಳ ನಾನಾ ತಳಿಗಳನ್ನು ಸಂರಕ್ಷಿಸುವ ಒಂದು ಕೇಂದ್ರವೇ ಇದೆ. 1914ರಲ್ಲಿ ಅಮೆರಿಕದ ಜಾನ್ ಡೆಕ್ಸ್‌ಟರ್ ರೆಕ್ಕೆಯ ಅಂಚಿನಲ್ಲಿ ಕಚ್ಚು ಬಿದ್ದಂತಿದ್ದ ನೊಣಗಳನ್ನು ಗಮನಿಸಿದನು. ಇದಕ್ಕೆ ಕಾರಣವಾದ ವಂಶವಾಹಿಗೆ ಕಚ್ಚು ಎಂಬ ಅರ್ಥದಲ್ಲಿ ‘ನಾಚ್’ ಎಂದು ಹೆಸರಾಯಿತು. ಈ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ರೆಕ್ಕೆಯಲ್ಲಿ ಕಚ್ಚು ಬೀಳುತ್ತದೆ. ಅದು ಸಂಪೂರ್ಣವಾಗಿ ಇಲ್ಲವಾದರೆ ನೊಣವು ಮೊಟ್ಟೆಯೊಳಗೇ ಸಾಯುತ್ತದೆ. ಹೀಗೆ ಸತ್ತ ಭ್ರೂಣಗಳನ್ನು ಡೊನಾಲ್ಡ್ ಪೌಲ್ಸನ್ ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ಅವುಗಳಲ್ಲಿ ನರಕೋಶಗಳು ಮಿತಿಮೀರಿ ಬೆಳೆದಿದ್ದವು; ಚರ್ಮವಾಗಬೇಕಾಗಿದ್ದ ಕೋಶಗಳೂ ನರಕೋಶಗಳೇ ಆಗಿಬಿಟ್ಟಿದ್ದವು. ನಾಚ್ ಎಂಬುದು ‘ನೀನು ನರವಾಗಬೇಡ’ ಎಂದು ತಡೆಯುವ ಆಜ್ಞೆಯನ್ನು ಹೊರುವ ಪ್ರೋಟೀನು ಎಂದು ಇದರಿಂದ ಮುಂದೆ ಸ್ಪಷ್ಟವಾಯಿತು.

ಆ ಆಜ್ಞೆ ಸಾಗುವ ಬಗೆ ಹೀಗಿದೆ. ನಾಚ್ ಪ್ರೋಟೀನು ಒಂದು ಕೋಶದ ಪೊರೆಯನ್ನು ಹಾಯ್ದು ನಿಂತಿರುತ್ತದೆ. ನೆರೆಯ ಕೋಶದ ಮೇಲೆ ‘ಡೆಲ್ಟಾ’ ಎಂಬ ಇನ್ನೊಂದು ಪ್ರೋಟೀನು ಇರುತ್ತದೆ. ಎರಡು ಕೋಶಗಳು ಒಂದಕ್ಕೊಂದು ತಾಗಿದಾಗ ಡೆಲ್ಟಾ ನಾಚನ್ನು ಹಿಡಿದುಕೊಳ್ಳುತ್ತದೆ. ಬಳಿಕ ನೆರೆಯ ಕೋಶವು ತನ್ನ ಡೆಲ್ಟಾವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಆ ಸೆಳೆತದಿಂದ ನಾಚಿನ ಮಡಿಕೆ ಬಿಚ್ಚಿಕೊಂಡು, ಅದುವರೆಗೆ ಮರೆಯಲ್ಲಿದ್ದ ಒಂದು ಎಡೆ ಬಯಲಾಗುತ್ತದೆ. ಪೊರೆಗೆ ಅಂಟಿಕೊಂಡಿರುವ ಆಡಂ-10 ಎಂಬ ಕತ್ತರಿ ಅಲ್ಲಿ ಕತ್ತರಿಸುತ್ತದೆ. ತಲೆಯ ಭಾಗ ನೆರೆಯ ಕೋಶದ ಪಾಲಾಗುತ್ತದೆ. ಪೊರೆಯಲ್ಲಿ ಉಳಿದ ಮೋಟನ್ನು ಗಾಮಾ ಸೆಕ್ರಿಟೇಸ್ ಎಂಬ ಎರಡನೆಯ ಕತ್ತರಿ ಪೊರೆಯ ನಡುವೆಯೇ ತುಂಡರಿಸುತ್ತದೆ. ಇದು ನಾಲ್ಕು ಪ್ರೋಟೀನುಗಳು ಕೂಡಿ ಆದ ಕಿಣ್ವ; ಅವುಗಳಲ್ಲಿ ಅಲಗಿನ ಕೆಲಸ ಪ್ರೆಸೆನಿಲಿನ್ ಎಂಬುದರದು. ಆಗ ಬಿಡುಗಡೆಯಾದ ಒಳಗಿನ ತುಂಡು ಕೋಶಕೇಂದ್ರವನ್ನು ಹೊಕ್ಕು, ಅಲ್ಲಿ ಗೊತ್ತಾದ ವಂಶವಾಹಿಗಳನ್ನು ಎಚ್ಚರಿಸುತ್ತದೆ.

ಈ ಏರ್ಪಾಡಿನಲ್ಲಿ ಮೂರು ಸಂಗತಿಗಳು ಗಮನಾರ್ಹವಾದವು. ಮೊದಲನೆಯದಾಗಿ, ನೆರೆಯವನು ಸೆಳೆಯದೆ ಕತ್ತರಿ ಆಡದು; ಚೀಟಿಯನ್ನು ನೀಡುವವನಿಲ್ಲದೆ ಬಾಗಿಲವನು ಹರಿಯುವುದೇನನ್ನು? ಎರಡನೆಯದಾಗಿ, ಒಮ್ಮೆ ಕತ್ತರಿಸಿದ ಮೇಲೆ ಆಜ್ಞೆಯನ್ನು ಹಿಂದೆಗೆಯಲಾಗದು. ತುಂಡಾದ ನಾಚ್ ಮತ್ತೆ ಕೂಡುವುದಿಲ್ಲ. ಮೂರನೆಯದಾಗಿ, ಆಜ್ಞೆಗೆ ಆಯುಸ್ಸು ಅಲ್ಪ. ಕೋಶಕೇಂದ್ರವನ್ನು ಹೊಕ್ಕ ತುಂಡು ತನ್ನ ಕೆಲಸವಾದೊಡನೆ ನಾಶವಾಗುತ್ತದೆ. ಹರಿದ ಚೀಟಿಯೂ ಆ ಒಂದು ಆಟಕ್ಕೆ ಮಾತ್ರ ಸಲ್ಲುವುದಷ್ಟೆ. ಆಜ್ಞೆ ಮುಂದುವರಿಯಬೇಕಾದರೆ ಇನ್ನೊಂದು ನಾಚ್ ಹೊಸದಾಗಿ ಕತ್ತರಿಸಿಕೊಳ್ಳಬೇಕು.

ಸಮಾನರಾದ ಕೋಶಗಳ ನಡುವೆ ವ್ಯತ್ಯಾಸ ಹುಟ್ಟುವುದು ಈ ವಿಧಾನದಿಂದಲೇ. ಒಂದು ಗುಂಪಿನ ಕೋಶಗಳೆಲ್ಲವೂ ನರವಾಗಲು ಅರ್ಹವಾಗಿವೆ ಎಂದಿಟ್ಟುಕೊಳ್ಳಬಹುದು. ಅವುಗಳಲ್ಲಿ ಒಂದರ ಮೇಲೆ ಆಕಸ್ಮಿಕವಾಗಿ ಡೆಲ್ಟಾ ಕೊಂಚ ಹೆಚ್ಚಾದರೆ ಅದು ಸುತ್ತಲಿನ ನೆರೆಯವರ ನಾಚನ್ನು ಹೆಚ್ಚು ಸೆಳೆಯುತ್ತದೆ. ಕತ್ತರಿಸಿಕೊಂಡ ನೆರೆಯ ಕೋಶಗಳು ನರವಾಗುವ ಹಾದಿಯನ್ನು ಬಿಡುವುದಲ್ಲದೆ ತಮ್ಮ ಡೆಲ್ಟಾವನ್ನೂ ಇಳಿಸಿಕೊಳ್ಳುತ್ತವೆ. ಇದರಿಂದ ಮೊದಲನೆಯ ಕೋಶದ ಮೇಲಿನ ತಡೆ ಇನ್ನಷ್ಟು ಸಡಿಲವಾಗಿ ಅದು ನರಕೋಶವಾಗಿ ಬೆಳೆಯುತ್ತದೆ. ಎಳ್ಳಿನಷ್ಟಿದ್ದ ಅಂತರ ಹೀಗೆ ಬೆಟ್ಟವಾಗುತ್ತದೆ. ಮನುಷ್ಯನ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕೋಶಗಳೂ ಅವುಗಳಿಗೆ ಆಸರೆಯಾದ ಕೋಶಗಳೂ ಒಂದರ ಪಕ್ಕದಲ್ಲೊಂದು ಕ್ರಮವಾಗಿ ಜೋಡಿಸಿಕೊಳ್ಳುವುದು ಇದೇ ರೀತಿಯಿಂದ. ದೇಹವನ್ನು ರೋಗಾಣುಗಳಿಂದ ಕಾಯುವ ಟಿ-ಕೋಶಗಳ ಹುಟ್ಟಿಗೂ ನಾಚಿನ ಆಜ್ಞೆ ಅಗತ್ಯ. ನೊಣಕ್ಕೂ ಮನುಷ್ಯನಿಗೂ ಎಷ್ಟೇ ಅಂತರವಿದ್ದರೂ ಬಾಗಿಲಿನ ಪದ್ಧತಿ ಒಂದೇ.

ಮೆಜೆಸ್ಟಿಕ್‌ನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ ಸಿಗುತ್ತದೆ. ಅದಕ್ಕೆ ಸೇರಿದಂತೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಈ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಒಬೈದ್ ಸಿದ್ದಿಕಿ; ಹಣ್ಣಿನ ನೊಣದ ಅಭ್ಯಾಸದಲ್ಲಿ ಅವರು ಹೆಸರಾದವರು. ನಾಚಿನ ಕಥೆಯ ಎರಡು ಅಧ್ಯಾಯಗಳು ಇಲ್ಲಿ ಬರೆಯಲ್ಪಟ್ಟವು.

ಅವುಗಳಲ್ಲಿ ಒಂದು ಗಾಯಗೊಂಡ ಸ್ನಾಯುವಿನದು. ಮನುಷ್ಯನ ಸ್ನಾಯುವಿಗೆ ಪೆಟ್ಟಾದಾಗ ಅದನ್ನು ದುರಸ್ತಿ ಮಾಡುವ ಕೋಶಗಳು ಸ್ನಾಯುತಂತುವಿನ ಅಂಚಿನಲ್ಲಿಯೇ ನಿದ್ರಿಸುತ್ತಿರುತ್ತವೆ. ಇವುಗಳಿಗೆ ಉಪಗ್ರಹ ಕೋಶಗಳೆಂದು ಹೆಸರು. 1961ರಲ್ಲಿ ಅಲೆಗ್ಸಾಂಡರ್ ಮೌರೊ ಇವುಗಳನ್ನು ಕಪ್ಪೆಯ ಸ್ನಾಯುವಿನಲ್ಲಿ ಕಂಡನು. ಹಣ್ಣಿನ ನೊಣದಲ್ಲಿ ಇಂತಹ ಕೋಶಗಳಿರುವುದು ತಿಳಿದಿರಲಿಲ್ಲ. 2017ರಲ್ಲಿ ಕೆ. ವಿಜಯರಾಘವನ್ ಮತ್ತು ಅವರ ಸಂಗಡಿಗರು ಹಣ್ಣಿನ ನೊಣದ ಹಾರುವ ಸ್ನಾಯುಗಳಲ್ಲಿ ಇವುಗಳನ್ನು ತೋರಿಸಿಕೊಟ್ಟರು. ಸ್ನಾಯುವಿಗೆ ಗಾಯವಾದಾಗ ಡೆಲ್ಟಾ ಮತ್ತು ನಾಚ್‌ಗಳ ಮೂಲಕ ಕರೆ ಮುಟ್ಟಿ ಈ ಕೋಶಗಳು ಎಚ್ಚೆತ್ತವು. ವಿಭಜನೆ ಹೊಂದಿ ಸಂಖ್ಯೆಯಲ್ಲಿ ಹೆಚ್ಚಿದವು. ಅವುಗಳ ಸಂತತಿಯ ಕೋಶಗಳು ಗಾಯಗೊಂಡ ತಂತುವಿನೊಡನೆ ಬೆಸೆದುಕೊಂಡವು. ಭ್ರೂಣದಲ್ಲಿ ಕೋಶಗಳ ಪಾಲನ್ನು ಹಂಚಿದ ಕತ್ತರಿಯೇ ಬೆಳೆದ ದೇಹದಲ್ಲಿ ಗಾಯವನ್ನು ಮಾಯಿಸುವ ಕೆಲಸಕ್ಕೂ ಒದಗುತ್ತದೆ.

ಇನ್ನೊಂದು ಅಧ್ಯಾಯ ಅಪೂರ್ವ ಸರೀನ್ ಮತ್ತು ಅವರ ಸಂಗಡಿಗರದು. ದೇಹದ ರಕ್ಷಣಾವ್ಯವಸ್ಥೆಯು ಮಿತಿಮೀರದಂತೆ ತಡೆಯುವ ಒಂದು ಬಗೆಯ ಟಿ-ಕೋಶಗಳನ್ನು ಅವರು ಅಭ್ಯಾಸ ಮಾಡಿದರು. ಕತ್ತರಿಸಿದ ನಾಚಿನ ತುಂಡು ಕೋಶಕೇಂದ್ರಕ್ಕೇ ಹೋಗಬೇಕೆಂಬ ನಿಯಮವಿಲ್ಲ ಎಂಬುದನ್ನು 2012ರಲ್ಲಿ ಪ್ರಕಟವಾದ ಅವರ ಸಂಶೋಧನೆ ತೋರಿಸಿತು. ಈ ಕೋಶಗಳಲ್ಲಿ ಆ ತುಂಡು ಕೇಂದ್ರದ ಹೊರಗೆ, ಕೋಶದ್ರವ್ಯದಲ್ಲಿಯೇ ಉಳಿದು, ಕೋಶವನ್ನು ಸಾವಿನಿಂದ ಕಾಯುತ್ತದೆ. ಕತ್ತರಿಕೆ ಒಂದೇ ಆದರೂ ತುಂಡು ತಲಪುವ ಸ್ಥಳಕ್ಕೆ ತಕ್ಕಂತೆ ಆಜ್ಞೆಯ ಅರ್ಥ ಬೇರೆಯಾಗುತ್ತದೆ.

ಇಷ್ಟು ಬಿಗಿಯಾದ ಕಾವಲಿದ್ದರೂ ಕೆಲವೊಮ್ಮೆ ಬಾಗಿಲು ಕೆಡುತ್ತದೆ. ಟಿ-ಕೋಶಗಳ ಒಂದು ಬಗೆಯ ತೀವ್ರ ರಕ್ತಕ್ಯಾನ್ಸರ್ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕ್ಯಾನ್ಸರ್ ಕೋಶಗಳ ನಾಚ್ ವಂಶವಾಹಿಯಲ್ಲಿ ಬದಲಾವಣೆಗಳಿರುವುದು 2004ರಲ್ಲಿ ತಿಳಿಯಿತು. ಇವುಗಳಲ್ಲಿ ಕೆಲವು ಬದಲಾವಣೆಗಳಿಂದ ನಾಚಿನ ಮಡಿಕೆ ನೆರೆಯವನು ಸೆಳೆಯದೆಯೇ ಬಿಚ್ಚಿಕೊಳ್ಳುತ್ತದೆ. ಮತ್ತೆ ಕೆಲವುಗಳಿಂದ ಕತ್ತರಿಸಿದ ತುಂಡು ಬೇಗನೆ ನಾಶವಾಗದೆ ಉಳಿಯುತ್ತದೆ. ಆಗ ಬೆಳೆಯಬೇಕೆಂಬ ಆಜ್ಞೆ ಯಾರೂ ನೀಡದೆಯೇ ಹೊರಡುತ್ತದೆ, ಮುಗಿಯಬೇಕಾದಾಗ ಮುಗಿಯುವುದಿಲ್ಲ.

ಇನ್ನೊಂದು ಕಾಯಿಲೆ ಮುಪ್ಪಿನದು. ಜರ್ಮನ್ ವೈದ್ಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ವರ್ಣಿಸಿದ ಮರೆವಿನ ರೋಗವು ಇಂದು ಅವನ ಹೆಸರನ್ನೇ ಹೊತ್ತಿದೆ. ಈ ರೋಗದಲ್ಲಿ ಮಿದುಳಿನ ಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳು ಗಂಟುಗಟ್ಟುತ್ತವೆ. ಈ ತುಣುಕುಗಳು ಹುಟ್ಟುವುದೂ ಪೊರೆಯ ಕತ್ತರಿಗಳಿಂದಲೇ. ಕೊನೆಯ ಕತ್ತರಿಕೆ ಗಾಮಾ ಸೆಕ್ರಿಟೇಸಿನದು. ಕೆಲವು ಕುಟುಂಬಗಳಲ್ಲಿ ಈ ರೋಗವು ನಡುವಯಸ್ಸಿಗೇ ಬರುತ್ತದೆ. ಅವರಲ್ಲಿ ಅನೇಕರ ಪ್ರೆಸೆನಿಲಿನ್ ವಂಶವಾಹಿಯಲ್ಲಿ ದೋಷವಿರುವುದು 1995ರಲ್ಲಿ ಗೊತ್ತಾಯಿತು. ಇದೇ ಪ್ರೆಸೆನಿಲಿನ್ ನಾಚನ್ನು ಬಿಡುಗಡೆ ಮಾಡುವ ಕೆಲಸಕ್ಕೂ ಬೇಕೆಂದು 1999ರಲ್ಲಿ ಬೆಲ್ಜಿಯಂನ ಬಾರ್ಟ್ ಡಿ ಸ್ಟ್ರೂಪರ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ಕತ್ತರಿ, ಎರಡು ಬಟ್ಟೆ.

ಕತ್ತರಿಯನ್ನು ತಡೆದರೆ ಅಮಿಲಾಯ್ಡ್ ಹುಟ್ಟದು, ಮರೆವು ನಿಂತೀತು ಎಂಬ ಆಸೆಯಿಂದ ಔಷಧಿಗಳ ಅನ್ವೇಷಣೆ ನಡೆಯಿತು. ಸೆಮಗಾಸೆಸ್ಟಾಟ್ ಎಂಬ ಔಷಧಿಯನ್ನು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು ಭಾಗವಹಿಸಿದ ಪ್ರಯೋಗಗಳಲ್ಲಿ ಪರೀಕ್ಷಿಸಲಾಯಿತು. 2010ರಲ್ಲಿ ಆ ಪ್ರಯೋಗಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿಯನ್ನು ಸೇವಿಸಿದವರ ಬುದ್ಧಿಶಕ್ತಿ ಸುಧಾರಿಸುವ ಬದಲು, ಸೇವಿಸದವರಿಗಿಂತ ಹೆಚ್ಚು ಕುಗ್ಗಿತ್ತು. ಚರ್ಮದ ಕ್ಯಾನ್ಸರ್ ಅವರಲ್ಲಿ ಹೆಚ್ಚಾಗಿ ಕಂಡುಬಂದಿತ್ತು. ಗಾಮಾ ಸೆಕ್ರಿಟೇಸ್ ಕತ್ತರಿಸುವ ಪ್ರೋಟೀನುಗಳು ನೂರಕ್ಕೂ ಹೆಚ್ಚು. ನಾಚ್ ಅವುಗಳಲ್ಲಿ ಒಂದು. ಚರ್ಮದ ಕೋಶಗಳು ಅಂಕೆಯಲ್ಲಿರಬೇಕಾದರೆ ನಾಚಿನ ಆಜ್ಞೆ ಬೇಕು. ಕತ್ತರಿಯನ್ನು ಕಟ್ಟಿಹಾಕಿದಾಗ ಬೇಡವಾದ ತುಂಡಿನೊಡನೆ ಬೇಕಾದ ತುಂಡುಗಳೂ ಇಲ್ಲವಾದವು. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡರೆ ಉಸಿರಾಡುವುದೆಂತು?

ಹಾಗೆಂದು ಆ ಅನ್ವೇಷಣೆ ವ್ಯರ್ಥವಾಗಲಿಲ್ಲ. ಗಾಮಾ ಸೆಕ್ರಿಟೇಸನ್ನು ತಡೆಯುವ ನಿರೋಗಾಸೆಸ್ಟಾಟ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದು ಮರೆವಿನ ರೋಗಕ್ಕಲ್ಲ. ಡೆಸ್ಮಾಯ್ಡ್ ಎಂಬ ಅಪರೂಪದ ಗೆಡ್ಡೆಗಳ ಬೆಳವಣಿಗೆಯನ್ನು ತಡೆಯಲು. ಒಂದು ರೋಗದಲ್ಲಿ ಹಾನಿಯನ್ನು ತಂದ ಉಪಾಯವು ಮತ್ತೊಂದರಲ್ಲಿ ನೆರವಾಯಿತು.

ಮರೆವಿನ ರೋಗಿಗಳ ವಿಷಯದಲ್ಲಿ ಮಾತ್ರ ಕೆಲಸ ಇನ್ನೂ ಉಳಿದಿದೆ. ಗಾಮಾ ಸೆಕ್ರಿಟೇಸನ್ನು ಪೂರ್ತಿಯಾಗಿ ತಡೆಯದೆ, ಅದು ಅಮಿಲಾಯ್ಡನ್ನು ಕತ್ತರಿಸುವ ಎಡೆಯನ್ನು ಮಾತ್ರ ಕೊಂಚ ಸರಿಸಿ, ಗಂಟುಗಟ್ಟುವ ಉದ್ದನೆಯ ತುಣುಕುಗಳಿಗೆ ಬದಲಾಗಿ ನಿರಪಾಯವಾದ ಗಿಡ್ಡ ತುಣುಕುಗಳು ಹುಟ್ಟುವಂತೆ ಮಾಡಬಹುದೇ ಎಂದು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ನಾಚನ್ನು ಅದರ ಪಾಡಿಗೆ ಬಿಟ್ಟು ಅಮಿಲಾಯ್ಡನ್ನು ತಿದ್ದುವ ಆ ನಾಜೂಕು ಕೈಗೂಡಿದ ದಿನ, ತನ್ನ ಮಕ್ಕಳ ಮುಖವನ್ನೇ ಮರೆಯುವ ವೃದ್ಧರೊಬ್ಬರಿಗೆ ಅದರ ಬೆಲೆ ತಿಳಿದೀತು.